ಚಂದ್ರಂಪಳ್ಳಿಯಲ್ಲಿ ಡಬ್ಬಿ ಕಾಯ್ದ ರಾತ್ರಿ

ಇದರಲ್ಲಿ ಒಂದು ಹನಿಯನ್ನೂ ನಾನು ಕೈಯಿಂದ ಸೇರಿಸಿಲ್ಲ. ನೋಟ್‌ಬುಕ್ ನನ್ನ ಹತ್ತಿರವೇ ಇದೆ. ಕೈಬರಹ ನನ್ನದೇ. ಎಷ್ಟು ಗಂಟೆಗೆ, ಎಷ್ಟು ಮಿಲಿಲೀಟರ್... ಎಲ್ಲ ಬರೆದಿದೆ. ನಂಬದವರು ಶಹಾಬಾದಿಗೆ ಬಂದರೆ ತೋರಿಸುತ್ತೇನೆ. ತೋರಿಸಿ ತೋರಿಸಿ ನನಗೂ ಸಾಕಾಗಿದೆ. ನೋಡಿದವರೆಲ್ಲ ಒಂದೇ ಮಾತು ಹೇಳುತ್ತಾರೆ: "ನಿದ್ದಿಗಣ್ಣಾಗ ಬರ್ದಿರಬೇಕು, ಬಿಡ್ರಿ."

ನಿದ್ದೆಯಂತೆ! ಆ ರಾತ್ರಿ ನಾನು ಕಣ್ಣು ಮುಚ್ಚಿದ್ದರೆ ತಾನೇ.

ನನ್ನ ಕೆಲಸ ಏನೆಂದು ಮೊದಲು ಹೇಳಬೇಕು. ನಗುವವರು ನಗಲಿ. ಮೂತ್ರಪಿಂಡದ ಮೇಲೆ ಟೊಪ್ಪಿಗೆಯ ಹಾಗೆ ಕೂತಿರುವ ಅಡ್ರಿನಲ್ ಎಂಬ ಸಣ್ಣ ಗ್ರಂಥಿ ಇದೆ. ಅದರಲ್ಲೋ, ಅದರ ನಂಟಿರುವ ನರಗಳಲ್ಲೋ ಎಲ್ಲೋ ಅಪರೂಪಕ್ಕೆ ಒಬ್ಬರಿಗೆ ಗಡ್ಡೆ ಬೆಳೆಯುತ್ತದೆ. ಅದು ಇದ್ದಕ್ಕಿದ್ದಂತೆ ರಕ್ತಕ್ಕೆ ವಿಷದಂಥ ರಸ ಬಿಡುತ್ತದೆ. ಆಗ ಎದೆ ಡವಡವ, ಮೈಯೆಲ್ಲ ಬೆವರು, ಮುಖ ಸುಣ್ಣ, ತಲೆ ಸಿಡಿಯುವ ನೋವು. ಹತ್ತು ನಿಮಿಷಕ್ಕೆ ಎಲ್ಲ ಮಾಯ. ನಮ್ಮ ಕಡೆ ಇದಕ್ಕೆ ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸುತ್ತಾರೆ. ಕೆಲವು ಮನೆತನಗಳಲ್ಲಿ ಇದು ತಾಯಿಯಿಂದ ಮಕ್ಕಳಿಗೂ ಇಳಿಯುತ್ತದೆ.

ಹೈದರಾಬಾದಿನ ಒಂದು ಪ್ರಯೋಗಾಲಯ ಇಂಥ ಮನೆತನಗಳ ಮೇಲೆ ಸಂಶೋಧನೆ ಮಾಡುತ್ತದೆ. ಅವರಿಗಾಗಿ ಚಿಂಚೋಳಿ, ಸೇಡಂ, ಚಿತ್ತಾಪುರದ ಹಳ್ಳಿಗಳಲ್ಲಿ ಇಪ್ಪತ್ನಾಲ್ಕು ಗಂಟೆಯ ಮೂತ್ರ ಸಂಗ್ರಹಿಸುವವಳು ನಾನು. ಗಡ್ಡೆಯ ರಸದ ಗುರುತು ಮೂತ್ರದಲ್ಲಿ ಸಿಗುತ್ತದೆ. ಐದು ಲೀಟರಿನ ಪ್ಲಾಸ್ಟಿಕ್ ಡಬ್ಬಿ, ಅದರ ತಳದಲ್ಲಿ ಕೆಡದಂತೆ ಕಾಯುವ ಸ್ವಲ್ಪ ಆಸಿಡ್, ಒಂದು ಐಸ್ ಪೆಟ್ಟಿಗೆ. ಇಷ್ಟೇ ನನ್ನ ಸಂಸಾರ. ಹಳ್ಳಿಗಳಲ್ಲಿ ನನ್ನ ಹೆಸರು ಯಾರಿಗೂ ಗೊತ್ತಿಲ್ಲ. ಎಲ್ಲರಿಗೂ ನಾನು ಡಬ್ಬಿ ಅಕ್ಕ.

ಚಂದ್ರಂಪಳ್ಳಿ ಕೆರೆಯಲ್ಲಿ ಬಲೆ ಹಾಕಿ ಬದುಕುವ ಭೀಮಶಾ ಅವರ ಮನೆಗೆ ನಾನು ಮೊದಲು ಹೋದದ್ದು ಅವರ ಹೆಂಡತಿ ರತ್ನಮ್ಮನ ಸಲುವಾಗಿ. ರತ್ನಮ್ಮನ ಅಣ್ಣನಿಗೆ ಈ ಗಡ್ಡೆ ಇತ್ತು ಎಂದು ಹೈದರಾಬಾದಿನಲ್ಲಿ ಗೊತ್ತಾಗಿತ್ತು. ರತ್ನಮ್ಮನಿಗೂ ಆಗಾಗ ಎದೆ ಹಾರುತ್ತಿತ್ತು. ಮಿಶ್ರಿ ಹಚ್ಚುವ ಹೆಂಗಸು. ಸುಟ್ಟ ತಂಬಾಕಿನ ಆ ಕಪ್ಪು ಪುಡಿಯನ್ನು ಬೆರಳಿಂದ ಹಲ್ಲಿಗೆ ತಿಕ್ಕುತ್ತಲೇ ನನ್ನನ್ನು ಒಳಗೆ ಕರೆದಿದ್ದಳು. ನನಗಿಂತ ಹತ್ತು ವರ್ಷ ದೊಡ್ಡವಳು, ಆದರೂ ಬಾಯಿ ತುಂಬ "ಅವ್ವಾ" ಅನ್ನುತ್ತಿದ್ದಳು. ಹೇಳಿದ್ದನ್ನು ಹೇಳಿದ ಹಾಗೆ ಮಾಡಿ, ಒಂದು ಹನಿ ತಪ್ಪದಂತೆ ಡಬ್ಬಿ ತುಂಬಿಸಿ ಕೊಟ್ಟಳು.

ಅದು ಕೆಟ್ಟುಹೋಯಿತು. ಹೇಗೆ ಕೆಟ್ಟಿತು ಎಂಬುದನ್ನು ಆಮೇಲೆ ಹೇಳುತ್ತೇನೆ.

ನಾನು ಫೋನ್ ಮಾಡಿ, "ಲ್ಯಾಬಿನವರು ಇನ್ನೊಮ್ಮೆ ಕೇಳ್ಯಾರ್ರಿ ರತ್ನಮ್ಮ," ಅಂದೆ.

"ಅದಕ್ಕೇನಾಯ್ತವ್ವಾ, ಕೊಡ್ತೀನಿ ತಗೋ," ಅಂದಳು. ನಕ್ಕಳು ಕೂಡ.

ನಾನು ಎರಡನೇ ಡಬ್ಬಿ ಒಯ್ಯುವ ಮೊದಲೇ, ಹನ್ನೆರಡು ದಿನಕ್ಕೆ, ಪಿತ್ತಕೋಶದ ಕಲ್ಲು ತೆಗೆಯಲು ಆಪರೇಷನ್ ಟೇಬಲ್ ಮೇಲೆ ಮಲಗಿದ ರತ್ನಮ್ಮ ಮತ್ತೆ ಏಳಲಿಲ್ಲ. ಮಂಪರಿನ ಮದ್ದು ಕೊಟ್ಟ ಕೂಡಲೇ ಬಿಪಿ ಎಲ್ಲಿಗೋ ಹಾರಿತಂತೆ. ಗಡ್ಡೆ ಇದೆ ಎಂದು ಮೊದಲೇ ಗೊತ್ತಿದ್ದರೆ ಗುಳಿಗೆ ಕೊಟ್ಟು ತಯಾರಿ ಮಾಡಿಕೊಳ್ಳುತ್ತಿದ್ದರು. ಗೊತ್ತಿರಲಿಲ್ಲ.

ಇದಾದ ಎರಡು ವರ್ಷಕ್ಕೆ ಅವಳ ಮಗಳು ಶಿವಲೀಲಾ ಏಳು ತಿಂಗಳ ಬಸುರಿಯಾಗಿ ತವರಿಗೆ ಬಂದಳು. ಅವಳಿಗೂ ಅದೇ ತಲೆನೋವು, ಅದೇ ಬೆವರು. ಮಗು ಅಡ್ಡ ಇದೆ, ಹೊಟ್ಟೆ ಕೊಯ್ದೇ ತೆಗೆಯಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಅಂದರೆ ಅದೇ ಟೇಬಲ್, ಅದೇ ಮಂಪರು... ತಾಯಿಯ ದಾರಿಯಲ್ಲೇ ಮಗಳು ಹೊರಟಿದ್ದಳು.

ನೇರವಾಗಿ ಸ್ಕ್ಯಾನ್ ಮಾಡಿಸಿ ಅಂತ ನಾನು ಹೈದರಾಬಾದಿನ ಪ್ರಯೋಗಾಲಯದ ಮೇಡಂಗೆ ಎಷ್ಟು ಸಲ ಹೇಳಿದೆನೋ. ಪ್ರಾಜೆಕ್ಟಿನ ನಿಯಮವಂತೆ. ಮೊದಲು ಮೂತ್ರದಲ್ಲಿ ಗುರುತು ಸಿಗಬೇಕು, ಆಮೇಲೆ ಸ್ಕ್ಯಾನ್. ಆಸ್ಪತ್ರೆಯಲ್ಲಿ ಬಿಪಿ ನೋಡಿದಾಗಲೆಲ್ಲ ಸರಿಯಾಗೇ ಇರುತ್ತಿತ್ತು. ಹಾಗಾಗಿ ಅಲ್ಲಿಯೂ ಯಾರೂ ನನ್ನ ಮಾತಿಗೆ ಕಿವಿಗೊಡಲಿಲ್ಲ.

ಸರಿ, ಡಬ್ಬಿ ಕೊಟ್ಟು ಬಂದೆ. ಮರುದಿನ ಹೋದರೆ ಡಬ್ಬಿ ಫಳಫಳ ಹೊಳೆಯುತ್ತಿದೆ! ಭೀಮಶಾ ಅವರ ತಾಯಿ ಯಲ್ಲಮ್ಮ, ಸೊಂಟ ಮುರಿದು ಎದ್ದು ನಡೆಯಲಾರದ ಮುದುಕಿ, ಕೂತಲ್ಲೇ ಬೂದಿ ಹಾಕಿ ತಿಕ್ಕಿ ಆಸಿಡ್ಡನ್ನೆಲ್ಲ ಚೆಲ್ಲಿ ಆಮೇಲೆ ಮೊಮ್ಮಗಳಿಗೆ ಕೊಟ್ಟಿದ್ದಾಳೆ.

"ಕೆಟ್ಟ ನಾತ ಹೊಡೀಲಿಕತ್ತಿತ್ತು ಮಗಳಾ. ಬಸುರಿ ಹುಡುಗಿ ಮುಟ್ಟೋದು, ಹಾಂಗೇ ಹ್ಯಾಂಗ ಕೊಡ್ಲಿ? ಛಲೋತ್ನಂಗ ತೊಳದೀನಿ."

ನಾನು ತಲೆಗೆ ಕೈಹಚ್ಚಿ ಕುಳಿತೆ. ಎರಡನೇ ಸಲ ಶಿವಲೀಲಾ ಮಧ್ಯದಲ್ಲಿ ನಾಲ್ಕು ತಾಸು ಯಾರದೋ ಸೀಮಂತಕ್ಕೆ ಹೋಗಿಬಂದಳು. ಡಬ್ಬಿ ಜೊತೆಗೆ ಒಯ್ಯಲು ನಾಚಿಕೆಯಂತೆ! ಆ ನಾಲ್ಕು ತಾಸಿನ ಲೆಕ್ಕ ತಪ್ಪಿತು, ಅದೂ ಹೋಯಿತು. ಮೇಡಂ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದರು, "ಇದೇ ಕೊನೆಯದು. ಈ ಸಲವೂ ಕೆಟ್ಟರೆ ಆ ಮನೆ ಹೆಸರು ಪಟ್ಟಿಯಿಂದ ತೆಗೆದುಬಿಡಿ."

ಅದಕ್ಕೇ ಮೂರನೇ ಸಲ ನಾನೇ ಹೋಗಿ ಕೂತೆ. ಬೆಳಿಗ್ಗೆ ಆರರಿಂದ ಮರುದಿನ ಬೆಳಿಗ್ಗೆ ಆರರವರೆಗೆ. ನನ್ನ ಕಣ್ಣೆದುರಿಗೆ, ನನ್ನ ಕೈಯಿಂದ.

ಶಿವಲೀಲಾಗೆ ನಾಚಿಕೆ ಜಾಸ್ತಿ. ಆದ್ದರಿಂದ ಒಂದು ಪದ್ಧತಿ ಮಾಡಿದೆವು. ಹಿತ್ತಲ ಬಚ್ಚಲಲ್ಲಿ ಅಳತೆಯ ಮಗ್ ಇಡುವುದು. ಅವಳು ಹೋಗಿ ಬಂದ ಮೇಲೆ ಮಗ್ ಮೇಲೆ ಸ್ಟೀಲ್ ತಟ್ಟೆ ಮುಚ್ಚಿ ಹೊಸ್ತಿಲ ಮೇಲೆ ಇಟ್ಟು ಒಳಗೆ ಹೋಗಿಬಿಡುವುದು. ನಾನು ಎದ್ದು, ಅಳತೆ ನೋಡಿ, ಗಂಟೆ ಬರೆದು, ಐಸ್ ಪೆಟ್ಟಿಗೆಯ ಡಬ್ಬಿಗೆ ಸುರಿದು, ಮಗ್ ತೊಳೆದು ಮತ್ತೆ ಬಚ್ಚಲಲ್ಲಿಡುವುದು. ಇಡೀ ಹಗಲು ಹೀಗೇ ಸರಾಗ ನಡೆಯಿತು.

ಸಂಜೆ ಭೀಮಶಾ ಬಲೆ ಹೆಗಲಿಗೆ ಹಾಕಿಕೊಂಡು ಕೆರೆಗೆ ಹೋದರು. ಅವರು ಬರುವುದು ಬೆಳಗಿನ ಜಾವಕ್ಕೆ. ಮನೆಯಲ್ಲಿ ಉಳಿದವರು ನಾವು ಮೂವರೇ. ಶಿವಲೀಲಾ ಮತ್ತು ಯಲ್ಲಮ್ಮ ಒಳಕೋಣೆಯಲ್ಲಿ ಮಲಗಿದರು. ನಾನು ಹಿತ್ತಲ ಬಾಗಿಲ ಪಕ್ಕ, ನಡುಮನೆಯಲ್ಲಿ, ಐಸ್ ಪೆಟ್ಟಿಗೆಗೆ ಬೆನ್ನು ಕೊಟ್ಟು ಕೂತೆ. ಕೆಳಗೆ ತಣ್ಣನೆಯ ಫರಸಿ ಕಲ್ಲು. ನಮ್ಮ ಶಹಾಬಾದಿನದೇ.

ಹನ್ನೊಂದು ಹತ್ತಕ್ಕೆ ಶಿವಲೀಲಾ ಎದ್ದುಬಂದಳು. ಮುಖ ಬಿಳಿಚಿಕೊಂಡಿತ್ತು.

"ತಲಿ ಸಿಡಿಲಿಕತ್ತದ ಅಕ್ಕಾರ..."

ಮಗ್ ಇಟ್ಟು ಹೋದಳು. ಬರೆದುಕೊಂಡೆ. ಸ್ವಲ್ಪ ಹೊತ್ತಿಗೆ ಕರೆಂಟ್ ಹೋಯಿತು.

ಆಮೇಲೆ ಎಂಥ ಕತ್ತಲೆ ಅಂತೀರಿ. ಹೊರಗೆ ಕೆರೆ ಕಡೆಯಿಂದ ಕಪ್ಪೆಗಳ ವಟವಟ. ಒಳಗೆ ಮುದುಕಿಯ ಗೊರಕೆ. ನನಗೆ ಹೆದರಿಕೆ ಏನಿರಲಿಲ್ಲ, ಸಿಟ್ಟಿತ್ತು. ಓದಿದ್ದು ಲ್ಯಾಬ್ ಟೆಕ್ನೀಷಿಯನ್, ಮಾಡುತ್ತಿರುವುದು ಉಚ್ಚೆ ಕಾಯುವ ಕೆಲಸ. ಮನೆಯಲ್ಲಿ ನನ್ನ ಗಂಡ ಮಕ್ಕಳಿಗೆ ಏನು ಬೇಯಿಸಿ ಹಾಕಿದನೋ... ಇದನ್ನೇ ಯೋಚಿಸುತ್ತಿದ್ದೆ.

ಟಕ್... ಟಕ್... ಟಕ್...

ಫರಸಿಯ ಮೇಲೆ ಕಾಲುಂಗುರದ ಸದ್ದು. ನನ್ನ ಪಕ್ಕದಲ್ಲೇ ಹಾದುಹೋಯಿತು. ತಲೆಯ ಮೇಲೆ ಸೆರಗು ಹೊದ್ದ ಹೆಂಗಸಿನ ಬೆನ್ನು ಹಿತ್ತಲ ಕಡೆ ಹೋದದ್ದು ಮಸುಕಾಗಿ ಕಂಡಿತು. ಬಚ್ಚಲ ತಗಡಿನ ಬಾಗಿಲು ಕಿರ್ ಅಂದಿತು. ಪಾಪ, ನಾಚಿಕೆ ಅಂತ ನಾನು ಮುಖ ತಿರುಗಿಸಿಕೊಂಡೆ. ಮತ್ತೆ ಟಕ್ ಟಕ್... ಸದ್ದು ಒಳಗೆ ಹೋಯಿತು.

ಮೊಬೈಲ್ ಬೆಳಕಿನಲ್ಲಿ ನೋಡಿದೆ. ಹೊಸ್ತಿಲ ಮೇಲೆ ಮಗ್. ಮೇಲೆ ತಟ್ಟೆ. ಮುಟ್ಟಿದರೆ ಬೆಚ್ಚಗಿತ್ತು. ಒಂದು ಗಂಟೆ ಇಪ್ಪತ್ತು ನಿಮಿಷ. ಬರೆದೆ, ಸುರಿದೆ, ತೊಳೆದಿಟ್ಟೆ.

ಎರಡು ನಲವತ್ತಕ್ಕೆ ಮತ್ತೆ ಅದೇ ಸದ್ದು. ಈ ಸಲ ಎಲ್ಲಿಂದಲೋ ಘಾಟು ವಾಸನೆ ಬಂತು. ಸುಟ್ಟ ತಂಬಾಕಿನದು. ಮುದುಕಿ ಕದ್ದು ಬೀಡಿ ಸೇದುತ್ತಾಳೋ ಏನೋ ಅಂದುಕೊಂಡೆ. ಹಿತ್ತಲಿಂದ ಮರಳಿದ ಹೆಜ್ಜೆ ನನ್ನ ಹಿಂದೆ ಬಂದು ನಿಂತಿತು.

"ತುಂಬಿತೇನವ್ವಾ?"

ಪಿಸುಮಾತು. ಬಾಯಲ್ಲಿ ಏನೋ ಇಟ್ಟುಕೊಂಡು ಮಾತಾಡಿದ ಹಾಗೆ. ನನಗೆ ಮೊದಲೇ ತಲೆ ಕೆಟ್ಟಿತ್ತು.

"ಇನ್ನಾ ಬೆಳಗಾಗಬೇಕು. ಮಲ್ಕೋ ಹೋಗವಾ, ಸುಮ್ಮ," ಅಂತ ತಿರುಗಿಯೂ ನೋಡದೆ ರೇಗಿದೆ.

ಹೋಯಿತು ಸದ್ದು.

ನಾಲ್ಕು ಗಂಟೆ ಐದು ನಿಮಿಷಕ್ಕೆ ಮೂರನೇ ಸಲ. ಅಷ್ಟೊತ್ತಿಗೆ ಐಸ್ ಕರಗುತ್ತಿತ್ತು. ನಾನು ಪೆಟ್ಟಿಗೆಯೊಳಗೆ ಕೈಹಾಕಿ ಚೀಲಗಳನ್ನು ಸರಿಮಾಡುತ್ತಿದ್ದೆ. ಹೆಜ್ಜೆ ಮತ್ತೆ ಹಿಂದೆ ನಿಂತಿತು. ಈ ಸಲ ಬಹಳ ಹೊತ್ತು ನಿಂತಿತು. ಆ ಘಾಟು ನನ್ನ ಕುತ್ತಿಗೆಯ ಮೇಲೆ ಆಡುತ್ತಿತ್ತು...

"ಈ ಸಲ ಕೆಡಿಸಬ್ಯಾಡವ್ವಾ."

ಮೈಯೆಲ್ಲ ಉರಿದುಹೋಯಿತು ನನಗೆ. ಕೆಡಿಸಿದವರು ಇವರು, ಬೂದಿ ಹಚ್ಚಿ ತೊಳೆದವರು ಇವರು, ಸೀಮಂತಕ್ಕೆ ಹೋದವಳು ಇವಳು. ಈಗ ನನಗೇ ಬುದ್ಧಿ! ಅದೂ "ರಿ" ಕೂಡ ಹಚ್ಚದೆ! ಗದರಿಸಬೇಕೆಂದು ತಿರುಗಿದೆ. ಯಾರೂ ಇರಲಿಲ್ಲ. ಹೊಸ್ತಿಲ ಮೇಲೆ ಮಗ್ ಇತ್ತು. ಸಿಟ್ಟಿನಲ್ಲೇ ಬರೆದು ಸುರಿದೆ. ಮಗ್ ತೊಳೆಯುವ ಮನಸ್ಸಾಗದೆ ತಟ್ಟೆಯನ್ನೂ ಅದನ್ನೂ ಹಾಗೇ ಪಕ್ಕಕ್ಕಿಟ್ಟೆ.

ಆರಕ್ಕೆ ಐದು ನಿಮಿಷ ಇರುವಾಗ ಶಿವಲೀಲಾ ಎದ್ದು ಬಂದಳು. ಕಣ್ಣು ಊದಿತ್ತು. ಬರಿಗಾಲು. ನೆಲದ ಮೇಲೆ ಒಂದು ಚೂರೂ ಸದ್ದಿಲ್ಲ.

"ಈಗ ಕಡೀದು ಕೊಟ್ಬಿಡ್ತೀನ್ರಿ ಅಕ್ಕಾರ. ಹನ್ನೊಂದಕ್ಕ ಗುಳಗಿ ನುಂಗಿ ಮಲಗಿದಾಕಿ ಈಗೇ ಎದ್ದೀನಿ. ಛಲೋ ನಿದ್ದಿ ಬಂತು."

"ಏನಂದಿ?"

"ಈಗೇ ಎದ್ದೀನಿ ಅಂದ್ನಿರಿ."

"ನಡುವ ಮೂರು ಸಲ ಎದ್ದು ಬಂದಿದ್ದಿ ಅಲ್ಲಾ! ನನ್ನ ಜೋಡಿ ಮಾತಾಡಿದಿ!"

"ನಾ ಅಲ್ರಿ... ಖರೇ ಹೇಳ್ತೀನಿ, ಈ ಹೊಟ್ಟಿ ಆಣಿ."

ನಾನು ನೋಟ್‌ಬುಕ್ ಅವಳ ಮುಖಕ್ಕೆ ಹಿಡಿದೆ. ನೋಡು, ಒಂದು ಇಪ್ಪತ್ತು, ಎರಡು ನಲವತ್ತು, ನಾಲ್ಕು ಐದು. ಕಾಲುಂಗುರದ ಸದ್ದು ಕೇಳಿಲ್ಲವೇ ನಾನು? ಅವಳು ಅಳುತ್ತಾ ಸೀರೆ ಎತ್ತಿ ಪಾದ ತೋರಿಸಿದಳು. ಬಾತುಕೊಂಡ ಪಾದಗಳು. ಕಾಲುಂಗುರ ಬಿಗಿಯುತ್ತವೆಂದು ತಿಂಗಳ ಹಿಂದೆಯೇ ತೆಗೆದು ಗೋಡೆಯ ಗೂಡಿನಲ್ಲಿ ಇಟ್ಟಿದ್ದಳು. ಗೂಡಿನಲ್ಲಿ ಅವು ಇದ್ದವು, ಮೇಲೆ ಧೂಳಿತ್ತು.

ನನಗೆ ಆಗ ಹೆದರಿಕೆಗಿಂತ ಹೊಟ್ಟೆ ಉರಿದದ್ದೇ ಹೆಚ್ಚು. ಮೂರನೇ ಸಲವೂ ಹೋಯಿತಲ್ಲ! ಯಾರದೋ ಮೂತ್ರ ಕೂಡಿದೆ. ನಿಯಮದ ಪ್ರಕಾರ ಇಡೀ ಡಬ್ಬಿ ಚೆಲ್ಲಬೇಕು. ನಿಂತಲ್ಲೇ ಬಿಕ್ಕಿಬಿಕ್ಕಿ ಅತ್ತೆ. ಈ ಹುಡುಗಿಯನ್ನು ಟೇಬಲ್ ಮೇಲೆ ಮಲಗಿಸುತ್ತಾರೆ, ನಾನು ಏನೂ ಮಾಡಲಾಗುವುದಿಲ್ಲ.

ಅಷ್ಟರಲ್ಲಿ ಯಲ್ಲಮ್ಮ ಕೂತಲ್ಲೇ ಸರಿಯುತ್ತಾ ಸರಿಯುತ್ತಾ ಹೊರಗೆ ಬಂದಳು. ನಾನು ತೊಳೆಯದೆ ಬಿಟ್ಟ ತಟ್ಟೆ ಅವಳ ಕೈಗೆ ಸಿಕ್ಕಿತು. ಬೆಳಕಿಗೆ ಹಿಡಿದಳು. ತಟ್ಟೆಯ ಅಂಚಿನಲ್ಲಿ ಕಪ್ಪು ಬೆರಳಿನ ಗುರುತು. ಮೂಗಿನ ಹತ್ತಿರ ಒಯ್ದಳು.

ಮಿಶ್ರಿ.

ಆ ಮನೆಯಲ್ಲಿ ಈಗ ಮಿಶ್ರಿ ಹಚ್ಚುವವರು ಯಾರೂ ಇಲ್ಲ. ರತ್ನಮ್ಮನ ಮಿಶ್ರಿ ಡಬ್ಬಿಯನ್ನು ಅವಳ ಜೊತೆಗೇ ಮಣ್ಣು ಮಾಡಿದ್ದರಂತೆ.

ನಾನು ತಟ್ಟೆ ತೆಗೆದುಕೊಳ್ಳಲು ಕೈಚಾಚಿದೆ. ಮುದುಕಿ ಎದೆಗೆ ಅವಚಿಕೊಂಡಳು. ಜಗತ್ತಿನಲ್ಲಿರುವುದನ್ನೆಲ್ಲ ಬೂದಿ ಹಾಕಿ ತಿಕ್ಕುವ ಮುದುಕಿ...

"ಇದನ್ನ ತೊಳಿಬ್ಯಾಡ," ಅಂದಳು. ಆಮೇಲೆ ಐಸ್ ಪೆಟ್ಟಿಗೆ ತೋರಿಸಿ, "ಡಬ್ಬಿ ಒಯ್ಯಿ ಮಗಳಾ. ಚೆಲ್ಲಬ್ಯಾಡ. ಏನೂ ಕೇಳಬ್ಯಾಡ," ಅಂದಳು.

ಭೀಮಶಾ ಬಂದರು. ನಮ್ಮ ಮುಖ ನೋಡಿ, ಮೀನಿಗೆಂದು ತಂದಿದ್ದ ಐಸನ್ನು ನನ್ನ ಪೆಟ್ಟಿಗೆಗೆ ಸುರಿದರು.

ಹೈದರಾಬಾದಿಗೆ ಹೋಗಬೇಕಾದ ಡಬ್ಬಿ ಮೊದಲು ಹೈದರಾಬಾದಿಗೆ ಬೆನ್ನು ತಿರುಗಿಸಿ ಶಹಾಬಾದಿನ ನಮ್ಮ ಕೋಣೆಗೆ ಬರಬೇಕು. ಇದೂ ನಿಯಮವೇ. ಅಲ್ಲಿ ಅಳೆದು, ಸಣ್ಣ ಟ್ಯೂಬುಗಳಿಗೆ ತುಂಬಿ, ಆಮೇಲೆ ವಾಡಿಯಲ್ಲಿ ರೈಲಿಗೆ. ಸೇಡಂ ದಾಟಿ, ಕೋಡ್ಲಾದ ಸಿಮೆಂಟ್ ಲಾರಿಗಳ ಧೂಳು ಕುಡಿಯುತ್ತಾ ಹೋಗುವಾಗ ಪ್ರಾಜೆಕ್ಟಿನ ಗಾಡಿಯ ಡ್ರೈವರ್ ಮೆಹಬೂಬ್ ಭಾಯಿ ಒಮ್ಮೆ ಕನ್ನಡಿಯಲ್ಲಿ ನೋಡಿದರು.

"ಮಿಶ್ರಿ ಯಾವಾಗಿಂದ ಚಾಲೂ ಮಾಡಿದ್ರಿ ಮೇಡಂ? ಗಾಡಿ ತುಂಬಾ ವಾಸನಿ ಬರಲಿಕತ್ತದ."

ನಾನು ಗಾಜು ಇಳಿಸಿಕೊಂಡೆ.

ವಾಡಿಯಲ್ಲಿ ರೈಲು ಎರಡು ತಾಸು ತಡ. ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಎರಡು ಸಲ ಐಸ್ ತರಿಸಿ ಬದಲಿಸಿದೆ. ನೀರು ಕುಡಿಯಲು ಸಹ ಎದ್ದು ಹೋಗಲಿಲ್ಲ.

ಎಂಟನೇ ದಿನ ಮೇಡಂ ಫೋನ್ ಬಂತು. ಗಡ್ಡೆಯ ಗುರುತು ಬಹಳ ಜಾಸ್ತಿ ಇದೆ, ಹುಡುಗಿಯನ್ನು ಕೂಡಲೇ ಕಳಿಸಿ ಅಂದರು. ಆಮೇಲೆ ಅವರ ಧ್ವನಿ ಬದಲಾಯಿತು.

"ಇನ್ನೊಂದು ವಿಷಯ. ಒಂದು ದೇಹ ದಿನಕ್ಕೆ ಇಷ್ಟೇ ಅಂತ ಹೊರಹಾಕುವ ಒಂದು ವಸ್ತು ಇದೆ, ನಿಮಗೆ ಗೊತ್ತು. ನಿಮ್ಮ ಡಬ್ಬಿಯಲ್ಲಿ ಅದು ಇಬ್ಬರಿಗಾಗುವಷ್ಟಿದೆ. ಇಬ್ಬರು ಹೆಂಗಸರದು ಒಂದರಲ್ಲಿ ಹಾಕಿದ್ದೀರಾ?"

"ಇಲ್ಲ ಮೇಡಂ," ಅಂದೆ. ಸುಳ್ಳೋ ನಿಜವೋ ನನಗೇ ಗೊತ್ತಿರಲಿಲ್ಲ.

ಶಿವಲೀಲಾಗೆ ಹೈದರಾಬಾದಿನಲ್ಲಿ ಸ್ಕ್ಯಾನ್ ಆಯಿತು. ಎಡಗಡೆಯ ಅಡ್ರಿನಲ್ ಮೇಲೆ ನೆಲಗಡಲೆ ಕಾಳಿನಷ್ಟು ಗಡ್ಡೆ ಇತ್ತು. ಅಲ್ಲಿಯೂ ಒಂದು ದಿನದ ಮೂತ್ರ ಹಿಡಿದು ಪರೀಕ್ಷೆ ಮಾಡಿದರು. ಆಸ್ಪತ್ರೆಯಲ್ಲೇ, ನರ್ಸಿನ ಕೈಯಿಂದ, ಅಪ್ಪಟ ಅವಳದೇ. ಅದರಲ್ಲಿ ಏನೂ ಇರಲಿಲ್ಲ! ಎಲ್ಲ ಮಿತಿಯೊಳಗೆ. ಸಣ್ಣ ಗಡ್ಡೆ ದಿನಾ ರಸ ಬಿಡುವುದಿಲ್ಲ, ಅವತ್ತು ತಲೆನೋವು ಬಂದಿತ್ತಲ್ಲ, ಅದಕ್ಕೇ ಸಿಕ್ಕಿತು ಎಂದರು ಮೇಡಂ. ಇರಬಹುದು. ಆದರೆ ಮಾತಿನ ನಡುವೆ ಇದನ್ನೂ ಹೇಳಿದರು: "ಇದೊಂದೇ ರಿಪೋರ್ಟ್ ಬಂದಿದ್ದರೆ ನಾವು ಸ್ಕ್ಯಾನ್ ಮಾಡಿಸುತ್ತಲೇ ಇರಲಿಲ್ಲ."

ಗುಳಿಗೆ ಕೊಟ್ಟು ತಯಾರಿ ಮಾಡಿಯೇ ಅವಳ ಹೆರಿಗೆ ಮಾಡಿದರು. ಮುಂದೆ ಗಡ್ಡೆಯನ್ನೂ ತೆಗೆದರು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ಆ ಗಡ್ಡೆಯ ಚೂರು ಈಗ ಪ್ರಯೋಗಾಲಯದಲ್ಲಿದೆ, ಅದರ ಜೀವಕೋಶಗಳ ಮೇಲೆ ಕೆಲಸ ನಡೆದಿದೆಯಂತೆ. ನನ್ನ ಡಬ್ಬಿಯನ್ನು ಮಾತ್ರ ಸಂಶೋಧನೆಯಿಂದ ಕೈಬಿಟ್ಟರು. ಕಾರಣದ ಜಾಗದಲ್ಲಿ "ಸಂಗ್ರಹಿಸಿದವರ ಅಜಾಗರೂಕತೆ" ಎಂದು ಬರೆದಿದ್ದಾರೆ. ಇಡೀ ರಾತ್ರಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯ್ದವಳಿಗೆ ಸಿಕ್ಕ ಬಿರುದು ಇದು. ನೋಟ್‌ಬುಕ್ಕಿನ ಆ ಮೂರು ಸಾಲು ಹೊಡೆದುಹಾಕಿ ಸಹಿ ಮಾಡಿ ಅಂದರು. ಮಾಡಿಲ್ಲ.

ಈಗ ಉಳಿದದ್ದನ್ನು ಹೇಳಿಬಿಡುತ್ತೇನೆ.

ಆ ರಾತ್ರಿಗೆ ಎರಡು ವರ್ಷ ಮೊದಲು, ವಾಡಿ ಸ್ಟೇಷನ್ನಿನಲ್ಲಿ ರೈಲು ಐದು ತಾಸು ತಡವಾಗಿತ್ತು. ರತ್ನಮ್ಮನ ಮೂತ್ರದ ಪೆಟ್ಟಿಗೆಯನ್ನು ಪಾರ್ಸಲ್ ಕೋಣೆಯ ಕಟ್ಟೆಯ ಮೇಲಿಟ್ಟು ನಾನು ಮನೆಗೆ ಹೋಗಿ ಉಂಡು ಮಲಗಿದೆ. ಮರಳಿ ಬಂದಾಗ ಅದರ ಮೇಲೆ ಬಿಸಿಲಿತ್ತು. ಐಸ್ ನೀರಾಗಿತ್ತು. ಹಾಗೇ ರೈಲಿಗೆ ಹಾಕಿ, ತಣ್ಣಗಿತ್ತು ಎಂದು ಕಾಗದದಲ್ಲಿ ಬರೆದೆ. ರತ್ನಮ್ಮನಿಗೆ ಲ್ಯಾಬಿನವರು ಇನ್ನೊಮ್ಮೆ ಕೇಳಿದ್ದಾರೆ ಎಂದಷ್ಟೇ ಹೇಳಿದೆ. ಭೀಮಶಾಗೆ ಗೊತ್ತಿಲ್ಲ, ಶಿವಲೀಲಾಗೆ ಗೊತ್ತಿಲ್ಲ, ಮೇಡಂಗೂ ಗೊತ್ತಿಲ್ಲ. ಕೆಡಿಸಿದವಳು ನಾನು ಎಂಬುದು ಜೀವಂತ ಇರುವ ಯಾರಿಗೂ ಗೊತ್ತಿರಲಿಲ್ಲ.

"ಕೊಡ್ತೀನಿ ತಗೋ" ಅಂದಿದ್ದಳು. ಕೊಟ್ಟಳು.

ಈಗಲೂ ವಾಡಿಯಲ್ಲಿ ಕೂಡುತ್ತೇನೆ. ಪೆಟ್ಟಿಗೆ ತೊಡೆಯ ಮೇಲೆಯೇ ಇರುತ್ತದೆ. ಪ್ಲಾಟ್‌ಫಾರ್ಮಿನ ಕಲ್ಲಿನ ಮೇಲೆ ಎಷ್ಟೋ ಹೆಂಗಸರು ಓಡಾಡುತ್ತಾರೆ. ಹಿಂದಿನಿಂದ ಕಾಲುಂಗುರದ ಸದ್ದು ಬಂದು ಒಮ್ಮೆಲೇ ನಿಂತರೆ ನಾನು ತಿರುಗಿ ನೋಡುವುದಿಲ್ಲ... ಮೊದಲು ಮುಚ್ಚಳ ತೆಗೆದು ಐಸ್ ಇದೆಯೋ ಇಲ್ಲವೋ ನೋಡುತ್ತೇನೆ.